ಕೆಂಪಿಯ ಗೋದಲಿಯಲ್ಲಿ ಈಸ್ಟರ್ ಪೂಜೆ

ಮಾತು ಬಿಟ್ಟವರಿಗೆ ಚರ್ಚಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಕೂರುತ್ತಾರೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಪೂಜೆಯ ನಡುವೆ ಫಾದರ್ ‘ಒಬ್ಬರಿಗೊಬ್ಬರು ಶಾಂತಿ ಕೋರಿ’ ಅನ್ನುವ ಗಳಿಗೆ ಮಾತ್ರ ಸ್ವಲ್ಪ ಕಷ್ಟ. ಆಗ ಅಕ್ಕಪಕ್ಕದವರಿಗೆ ತಿರುಗಿ ಕೈ ಮುಗಿಯಬೇಕು. ಅದಕ್ಕೂ ದಾರಿಯಿದೆ. ಆಗದವರು ಎಡಕ್ಕೆ ಕೂತಿದ್ದರೆ ಬಲಕ್ಕೆ ತಿರುಗಿ, ಇದ್ದಬದ್ದವರಿಗೆಲ್ಲ ನಿಧಾನವಾಗಿ ಕೈ ಮುಗಿಯುತ್ತಾ ಹೋಗುವುದು. ಅಷ್ಟರಲ್ಲಿ ಹಾಡು ಶುರುವಾಗುತ್ತದೆ, ಗಂಡಾಂತರ ಕಳೆಯುತ್ತದೆ. ನಾನು ಕಲಿತ ಅಕ್ಷರ ಜಪದ ಪುಸ್ತಕವನ್ನು ಕೂಡಿಸಿಕೊಂಡು ಓದುವಷ್ಟು. ಆದರೆ ಈ ವಿದ್ಯೆಯಲ್ಲಿ ನಮ್ಮೂರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ಎಡಕ್ಕೆ ಕೂರುತ್ತಿದ್ದವಳು ನನ್ನ ಓರಗಿತ್ತಿ ಚೌರಮ್ಮ, ನನ್ನ ಮೈದುನನ ಹೆಂಡತಿ. ಕನಕಪುರದ ಕಡೆ ನಮ್ಮೂರು. ಅಣ್ಣತಮ್ಮಂದಿರು ಇದ್ದಾಗ ಮನೆಯ ನಡುವೆ ಗೋಡೆ ಹಾಕಿಕೊಂಡರು, ಆಮೇಲೆ ಇಬ್ಬರೂ ಸತ್ತರು, ಗೋಡೆ ಉಳಿಯಿತು. ಅದರಿಂದ ನಮಗೇನೂ ತೊಂದರೆ ಇರಲಿಲ್ಲ. ತೊಂದರೆಯಾದದ್ದು ಒಂದು ಕ್ರಿಸ್‌ಮಸ್‌ನಲ್ಲಿ. ಚರ್ಚಿನ ಬಾಗಿಲಲ್ಲಿ ಹೆಂಗಸರೆಲ್ಲ ನಿಂತಿರುವಾಗ ಇವಳು, “ನಮ್ಮಕ್ಕ ಮಾಡಿರೋ ಕಜ್ಜಾಯಕ್ಕೆ ಒಂದು ತೂತು ಕೊರೆದ್ರೆ ಗಂಟೆ ಬದಲು ತೂಗಾಕ್‌ಬೌದು” ಅಂದಳು. ಎಲ್ಲರೂ ನಕ್ಕರು. ನಾನು ಅವತ್ತೇ ಮಾತು ಬಿಟ್ಟೆ. ಬಿಟ್ಟೆ ಅಂದರೂ ಒಂದೇ ಹಿತ್ತಲಲ್ಲಿ ಇರುವವರು ಹೇಳಬೇಕಾದ್ದನ್ನು ಹೇಳಲೇಬೇಕಲ್ಲ. ನಾನು ನನ್ನ ಹಸು ಕೆಂಪಿಗೆ ಹೇಳುತ್ತಿದ್ದೆ, ಅವಳು ಅವಳ ಕೋಳಿಗೆ ಹೇಳುತ್ತಿದ್ದಳು. ಕೋಳಿಗೂ ಹಸುವಿಗೂ ಯಾವತ್ತೂ ಜಗಳವಾಗಲಿಲ್ಲ.

ಹೀಗೆ ಸಲೀಸಾಗಿ ನಡೆಯುತ್ತಿರುವಾಗ ಕೊರೊನಾ ಬಂತು, ಚರ್ಚಿನ ಗೇಟಿಗೆ ಬೀಗ ಬಿತ್ತು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಇನ್ನೂ ಮುಗಿದಿರಲಿಲ್ಲ. ಮನೆಯಲ್ಲೇ ಜಪಸರ ಮಾಡಿ, ಮನೆಯಲ್ಲೇ ಶಿಲುಬೆ ಹಾದಿ ಮಾಡಿ ಎಂದು ಫಾದರ್ ಹೇಳಿ ಕಳಿಸಿದರು. ಜಪಸರಕ್ಕೇನು, ರಾಗಿ ಬೀಸುತ್ತಲೂ ಹೇಳಿದವಳು ನಾನು. ಆದರೆ ಗರಿಗಳ ಭಾನುವಾರ ಫಾದರ್ ಮಂತ್ರಿಸಿಕೊಡುವ ಗರಿಯಿಲ್ಲದೆ ಮನಸ್ಸು ಕೇಳಲಿಲ್ಲ. ನಾನೇ ತೆಂಗಿನ ಗರಿ ತಂದು ಶಿಲುಬೆ ಮಡಿಸಿ, ಜಪ ಹೇಳಿ, ಬಾಗಿಲಿಗೆ ಸಿಕ್ಕಿಸಿದೆ. ನೀರು ಕುಡಿಯಲು ಹೋಗುತ್ತಿದ್ದ ಕೆಂಪಿ ದಾರಿಯಲ್ಲೇ ಅದನ್ನು ತಿಂದುಕೊಂಡು ಹೋಯಿತು.

ಗರಿ ಹೋದರೆ ಹೋಗಲಿ. ಈಸ್ಟರ್ ಪೂಜೆ ಹೋದರೆ ಹೇಗೆ? ಕೂಸು ಹುಟ್ಟಿ ಮೈ ಹಸಿಯಾಗಿದ್ದ ವರ್ಷವೂ, ಫಾದರ್ ತಲೆಗೆ ನೀರು ಹಾಕಿ ಜ್ಞಾನಸ್ನಾನ ಮಾಡಿಸಿ ಸಭೆಗೆ ಸೇರಿಸುವ ಮೊದಲೇ, ಅದನ್ನು ಸೆರಗಲ್ಲಿ ಸುತ್ತಿಕೊಂಡು ಹೋದವಳು ನಾನು, ಒಂದು ವರ್ಷವೂ ತಪ್ಪಿಸಿಲ್ಲ. ಫಾದರ್ ಒಬ್ಬರೇ ಪೂಜೆ ಮಾಡುತ್ತಾರೆ, ಮೊಬೈಲಿನಲ್ಲಿ ನೋಡಬಹುದು ಎಂದು ಸುದ್ದಿ ಬಂತು. ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ನನ್ನ ಮಗನ ದೊಡ್ಡ ಫೋನು ಅವನ ಜೊತೆಯಲ್ಲೇ ರಾಮನಗರದ ರೇಷ್ಮೆ ಫ್ಯಾಕ್ಟರಿಯಲ್ಲಿ ಸಿಕ್ಕಿಕೊಂಡಿತ್ತು. ಊರಲ್ಲಿ ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿಲ್ಲ. ಉಳಿದದ್ದು ಚೌರಿಯ ಫೋನು, ಮಗಳು ಕೊಡಿಸಿದ್ದು, ಅಂಗೈಯಗಲ. ಅದನ್ನು ಕೇಳುವ ಬದಲು ಪೂಜೆಯಿಲ್ಲದೆ ಇರುತ್ತೇನೆ ಅಂದುಕೊಂಡೆ. ಆದರೆ ದೇವರು ಅವಳಿಗೂ ಒಂದು ಕೊರತೆ ಇಟ್ಟಿದ್ದ. ಅವಳ ಕಡೆ ಎಲ್ಲಿ ನಿಂತರೂ ಸಿಗ್ನಲ್ ಬರುವುದಿಲ್ಲ. ಬರುವುದು ನನ್ನ ಕೊಟ್ಟಿಗೆಯಲ್ಲಿ, ಕೆಂಪಿಯ ಗೋದಲಿಯ ಪಕ್ಕದಲ್ಲಿ.

ಶನಿವಾರ ಸಾಯಂಕಾಲ ಗೋಡೆಯಾಚೆಯಿಂದ ಮಾತು ಕೇಳಿಸಿತು. “ಅಲ್ಲಾ ಕೋಳಿ, ಫೋನ್ ಐತೆ, ಕರೆನ್ಸಿ ಐತೆ, ಪೂಜೆ ನೋಡಾಕೆ ಜಾಗ ಇಲ್ವಲ್ಲೇ.”

ನಾನು ಹಾಲು ಕರೆಯುತ್ತಾ, “ಕೆಂಪಿ, ನಾಳೆ ಬೆಳಿಗ್ಗೆ ಒಸಿ ಆ ಕಡೆ ಸರ್ಕೊಂಡು ನಿಂತ್ಕೊ. ಯಾರಾದ್ರೂ ಬಂದಾರು” ಅಂದೆ.

ಬೆಳಿಗ್ಗೆ ಚೌರಿ ಹೊಸ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು ಬಂದಳು. ನಾನು ಸಗಣಿ ಬಾಚಿ, ನೀರು ಹಾಕಿ, ಮೇಣದಬತ್ತಿ ಹಚ್ಚಿದ್ದೆ. ಮಂಕರಿ ಬುಟ್ಟಿ ಕವುಚಿ ಅದರ ಮೇಲೆ ಫೋನನ್ನು ಚೊಂಬಿಗೆ ಒರಗಿಸಿದೆವು. ಬಾಲಯೇಸು ಹುಟ್ಟಿದ್ದೇ ಗೋದಲಿಯಲ್ಲಿ, ಸಮಾಧಿಯಿಂದ ಎದ್ದು ಬರುವುದೂ ಅಲ್ಲೇ ಆಗಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಪೂಜೆ ಚೆನ್ನಾಗಿಯೇ ನಡೆಯಿತು. ಅಂಗೈಯಷ್ಟು ಫಾದರ್, ಉಗುರಿನಷ್ಟು ಬಲಿಪೀಠ. ಅವರು ನಿಂತಾಗ ನಿಂತೆವು, ಮೊಣಕಾಲೂರಬೇಕಾದಾಗ ಗೋಣಿತಾಟಿನ ಮೇಲೆ ಊರಿದೆವು. ನೋಡನೋಡುತ್ತಾ ಆ ಗಳಿಗೆ ಬಂತು. ಫಾದರ್ ಎರಡೂ ಕೈ ಚಾಚಿ, ‘ಒಬ್ಬರಿಗೊಬ್ಬರು ಶಾಂತಿ ಕೋರಿ’ ಅಂದರು. ಎಡಕ್ಕೆ ಚೌರಿ. ಬಲಕ್ಕೆ ಕೆಂಪಿ.

ನಾನು ಬಲಕ್ಕೆ ತಿರುಗಿ ಕೆಂಪಿಗೆ ಕೈ ಮುಗಿದೆ. ಇನ್ನೇನು ಹಾಡು ಬರುತ್ತದೆ ಎಂದು ಕಾದೆ. ಬರಲಿಲ್ಲ. ಫೋನು ನೋಡಿದರೆ ಫಾದರ್ ಕೈ ಚಾಚಿದವರು ಚಾಚಿದ ಹಾಗೆಯೇ, ಬಾಯಿ ಅರ್ಧ ತೆರೆದುಕೊಂಡು ನಿಂತುಬಿಟ್ಟಿದ್ದಾರೆ. ಮುಖದ ಮೇಲೆ ಒಂದು ಚಕ್ರ ಗಿರಗಿರ ತಿರುಗುತ್ತಿದೆ. ಕೆಂಪಿಗೆ ಇನ್ನೊಂದು ಸಲ ಕೈ ಮುಗಿದೆ. ಫಾದರ್ ಕದಲಲಿಲ್ಲ.

ಚೌರಿ ಗಂಟಲು ಸರಿಮಾಡಿಕೊಂಡು, “ಅದುಕ್ಕೆ ಜ್ಞಾನಸ್ನಾನ ಆಗಿಲ್ಲ ಕಣಕ್ಕ” ಅಂದಳು.

ನಗಬಾರದು ಎಂದು ತುಟಿ ಕಚ್ಚಿಕೊಂಡೆ, ಆಗಲಿಲ್ಲ. ಅವಳೂ ನಕ್ಕಳು. ಹಬ್ಬದ ದಿನ, ಪೂಜೆಯ ನಡುವೆ, ಇಬ್ಬರು ಮುದುಕಿಯರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

“ಸರಿ, ತಗೊ ಕಣೇ, ಸಮಾಧಾನ” ಎಂದು ಅವಳ ಕಡೆ ತಿರುಗಿ ಕೈ ಮುಗಿದೆ.

“ನಿಂಗೂ ಸಮಾಧಾನ ಕಣಕ್ಕ. ಅವ್ರು ಪಾಪ, ಎಷ್ಟೊತ್ತು ಅಂಗೇ ನಿಂತಿದ್ದಾರು!” ಅಂದಳು.

ಫಾದರ್ ಕೈ ಇಳಿಸಿದರು, ಹಾಡು ಶುರುವಾಯಿತು. ನಮ್ಮಿಬ್ಬರಿಗೋಸ್ಕರ ದೇವರೇ ಪೂಜೆ ನಿಲ್ಲಿಸಿದ್ದ ಎಂದು ಚೌರಿ, ಓಡಾಟ ಶುರುವಾದ ಮೇಲೆ, ಊರೆಲ್ಲ ಹೇಳಿಕೊಂಡು ಬಂದಳು. ಟವರ್ರು ಎಂದು ನಾನು ಹೇಳಿದೆ. ಯಾವುದಾದರೇನು, ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದ ಹಾಗಾಗಿತ್ತು. ಹಸುವಿಗೆ ಅರ್ಥವಾಗುವ ಹಾಗೆ ಮಾತಾಡುವುದು ಸುಲಭದ ಕೆಲಸವೇನಲ್ಲ.

ಚರ್ಚು ತೆರೆದ ಮೇಲೂ ಚೌರಿ ನನ್ನ ಎಡಕ್ಕೇ ಕೂರುತ್ತಾಳೆ, ಆದರೆ ಈಗ ಫಾದರ್ ಹೇಳುವ ಪ್ರಸಂಗ ಮುಗಿಯುವ ತನಕ ನನ್ನ ಕಿವಿಯಲ್ಲಿ ಮಾತಾಡುತ್ತಾಳೆ. ಆ ವರ್ಷ ಕ್ರಿಸ್‌ಮಸ್‌ಗೆ ಕಜ್ಜಾಯ ಮಾಡಿ ಮೊದಲು ಅವಳಿಗೇ ಕೊಟ್ಟೆ. ತುಂಬಾ ಹೊತ್ತು ಅಗಿದು, “ಬೋ ಚೆನ್ನಾಗೈತೆ ಕಣಕ್ಕ” ಅಂದಳು. ಹಿಗ್ಗಿಹೋದೆ. ಬೆಲ್ಲ ಅಂದರೆ ಪ್ರಾಣ ಬಿಡುವ ಕೆಂಪಿಗೂ ಒಂದು ಕೊಟ್ಟೆ. ಬಾಯಿಗೆ ತೆಗೆದುಕೊಂಡಿತು, ಒಂದು ಸಲ ಅಗಿಯಿತು, ಗೋದಲಿಯಲ್ಲಿ ಉಗಿದು ಮುಖ ತಿರುಗಿಸಿಕೊಂಡಿತು. ಏನು ಮಾಡುವುದು, ಅದಕ್ಕೆ ಜ್ಞಾನಸ್ನಾನ ಆಗಿಲ್ಲ.