ಗುಮ್ಮ ಮಿಸ್

ಬೆಂಗಳೂರಿನ ಲಗ್ಗೆರೆಯ ಗಂಡು ಹುಡುಗರು ಒಂದು ಕಾಲದಲ್ಲಿ ಕೊಡೆ ಕಂಡರೆ ಓಡಿಹೋಗುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಆದರೆ ಆ ಕೊಡೆಯ ಕೆಳಗೆ ಇರುತ್ತಿದ್ದವರು ನಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ. ಅವರನ್ನು ಒಮ್ಮೆ ನೋಡಿದ್ದರೆ ನೀವೂ ಓಡುತ್ತಿದ್ದಿರಿ.

ಅತ್ತೆ ತಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಶಿಶುವಿಹಾರ ನಡೆಸುತ್ತಿದ್ದರು. ಮಹಡಿಯ ಮೇಲೆ ನಾನೂ ನನ್ನ ಹೆಂಡತಿಯೂ ಇದ್ದೆವು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು ಬಸ್ಸು ಹತ್ತುತ್ತಿದ್ದರು. ನಮ್ಮ ಬೀದಿಯ ಮನೆಗಳ ಮಕ್ಕಳೂ ಬರುತ್ತಿದ್ದವು. ಎಲ್ಲ ನೆಟ್ಟಗೆ ನಡೆಯುತ್ತಿದ್ದಾಗ ಅತ್ತೆಯ ತಲೆಗೆ ಒಂದು ಹುಳ ಹೊಕ್ಕಿತು: ಈ ಪುಟ್ಟ ಮಕ್ಕಳಿಗೆ ಪಾಠ ಹೇಳಲು ಗಂಡು ಹುಡುಗನೇ ಬರಬೇಕು!

“ಯಾಕತ್ತೆ, ಹೆಂಗಸರಿಗೇನು ಬರ ಬಂದಿದ್ಯಾ?” ಅಂದೆ.

“ಈ ಮಕ್ಕಳ ಅಪ್ಪಂದಿರು ಶಿಫ್ಟ್ ಮುಗಿಸ್ಕೊಂಡು ಬರೋಷ್ಟರಲ್ಲಿ ಇವು ಮಲಗಿರ್ತವೆ ಕಣೋ. ಗಂಡಸು ಅಂದ್ರೆ ಭಾನುವಾರ ಬೈಯೋ ಪ್ರಾಣಿ ಅಂದ್ಕೊಂಡಿದಾವೆ. ಒಬ್ಬ ಗಂಡಸಾದ್ರೂ ಇವುಗಳ ಮೂಗು ಒರೆಸ್ಲಿ” ಅಂದರು.

ಒರೆಸುವ ಗಂಡಸು ಸಿಗಬೇಕಲ್ಲ! ಅತ್ತೆ ಕೊಡೆ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತರು. ಕಂಡ ಕಂಡ ಹುಡುಗರನ್ನೆಲ್ಲ ಅಡ್ಡಗಟ್ಟಿ, “ಏನಪ್ಪಾ, ಮಕ್ಕಳಿಗೆ ಪಾಠ ಹೇಳ್ಕೊಡ್ತೀಯಾ?” ಎಂದು ಕೇಳತೊಡಗಿದರು. ಕೆಲವರು ಇವರು ತಮ್ಮಿಂದ ವಿಮೆ ಪಾಲಿಸಿ ಮಾಡಿಸಲು ಬಂದವರೆಂದು ತಿಳಿದು ಬಸ್ಸಿನ ಹಿಂದೆ ಅವಿತರು. ಒಬ್ಬನಂತೂ ಹೆಣ್ಣು ತೋರಿಸುವವರೆಂದು ತಿಳಿದು ತಲೆ ಬಾಚಿಕೊಂಡು ಬಂದ.

ಬಂದವರಿಗೆ ಪರೀಕ್ಷೆ ಬೇರೆ! ಸಿಂಬಳ ಸುರಿಸುವ ಮಗುವೊಂದನ್ನು ಮುಂದೆ ಕೂರಿಸಿ ಅತ್ತೆ ಸುಮ್ಮನೆ ನೋಡುತ್ತಿದ್ದರು. ಟೈ ಕಟ್ಟಿಕೊಂಡು ಬಂದವನು “ಗ್ಲೌಸ್ ಇದ್ಯಾ ಮೇಡಂ?” ಎಂದ. ಇನ್ನೊಬ್ಬ ವಿದ್ಯಾವಂತ ಆ ಮಗುವಿಗೆ ಸ್ವಾವಲಂಬನೆಯ ಬಗ್ಗೆ ಭಾಷಣ ಶುರುಮಾಡಿದ. ಭಾಷಣ ಮುಗಿಯುವ ಹೊತ್ತಿಗೆ ಸಿಂಬಳ ಗಲ್ಲದವರೆಗೆ ಇಳಿದಿತ್ತು. ಇಂಥವರ ನಡುವೆ ಅತ್ತೆ ಕೊನೆಗೆ ಆರಿಸಿದ್ದು ಯಾರನ್ನು ಗೊತ್ತೇ? ನಮ್ಮ ಬೀದಿಯ ಗುಮ್ಮನನ್ನು!

ಎದುರಿನ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದ ರಾಯಚೂರಿನ ಹುಡುಗ. ಕಡುಗಪ್ಪು ಬಣ್ಣ, ಬಾಗಿಲು ತುಂಬುವ ಆಳು, ಪೊದೆಯಂಥ ಮೀಸೆ. ಕೆಲಸ ಮಾಡುತ್ತಿದ್ದ ಪಾಲಿಶಿಂಗ್ ಶಾಪು ಮುಚ್ಚಿ, ಬೇರೆ ಕೆಲಸ ಸಿಗದಿದ್ದರೆ ಊರಿಗೆ ವಾಪಸ್ಸು ಎಂದು ಹೊಸ್ತಿಲ ಮೇಲೆ ಕುಳಿತಿರುತ್ತಿದ್ದ. ಅವನು ಕುಳಿತದ್ದೇ ಬೀದಿಯ ತಾಯಂದಿರಿಗೆ ಹಬ್ಬ! ಅನ್ನದ ತಟ್ಟೆ ಹಿಡಿದು ಬಾಲ್ಕನಿಗೆ ಬಂದು, “ತಿನ್ನು, ಇಲ್ಲಾಂದ್ರೆ ಆ ಗುಮ್ಮಂಗೆ ಕೊಟ್ಬಿಡ್ತೀನಿ!” ಎಂದು ಅವನತ್ತ ಬೆರಳು ತೋರಿಸುತ್ತಿದ್ದರು. ಇಡೀ ಬೀದಿಯ ಮಕ್ಕಳು ಅವನ ಹೆಸರಿನಲ್ಲಿ ಉಂಡು ದಪ್ಪಗಾದವು. ಅವನಿಗೆ ಒಂದು ಲೋಟ ಟೀ ಕೊಟ್ಟವರಿಲ್ಲ.

“ಮಗು ಅತ್ರೆ ಆ ಹುಡುಗ ಎದ್ದು ಒಳಗೆ ಹೋಗ್ತಾನೆ, ನೋಡಿದೀಯಾ? ನನ್ನಿಂದ ಅಳೋದು ಬೇಡ ಅಂತ. ಅವನೇ ಸರಿ” ಅಂದರು ಅತ್ತೆ.

ಕರೆದರೆ ಅವನೇ ನಡುಗಿದ. “ಒಲ್ಲೆರಿ ಅಕ್ಕಾರ. ಕೂಸುಗಳು ನನ್ನ ಮಾರಿ ನೋಡಿ ಅಳತಾವ್ರಿ.”

“ಅಳ್ಲಿ. ನನ್ನ ನೋಡಿದ್ರೂ ಅಳ್ತವೆ.”

ಮೊದಲ ದಿನ ಮಕ್ಕಳೆಲ್ಲ ಅತ್ತವು. ಅವನು ಬಾಗಿಲ ಹಿಂದೆ ನಿಂತು ತಾನೂ ಅಳುವಂತಾದ. ಮರುದಿನವೇ ಬೀದಿಯ ತಾಯಂದಿರ ನಿಯೋಗ ಬಂತು. “ಗಂಡಸೇ ಬೇಕು ಅಂದ್ರೆ ಸ್ವಲ್ಪ ಬೆಳ್ಳಗಿರೋರ್ನ ಇಟ್ಕೊಳ್ಳಿ ಆಂಟಿ, ಮಕ್ಕಳು ಹೆದರ್ಕೊಳ್ತವೆ” ಎಂದರು ಮುಂದೆ ನಿಂತಿದ್ದ ಬಾಲ್ಕನಿಯಮ್ಮ. ಆಕೆಯ ಫೇರ್‌ನೆಸ್ ಕ್ರೀಮು ಗಲ್ಲಕ್ಕೇ ಮುಗಿದಿತ್ತು, ಕತ್ತು ದೇವರು ಕೊಟ್ಟ ಬಣ್ಣದಲ್ಲೇ ಇತ್ತು!

“ಹೆದರಿಸಿದ್ದು ಯಾರಮ್ಮಾ? ಅವನು ಯಾವತ್ತಾದ್ರೂ ‘ಭೂ’ ಅಂದಿದ್ನಾ?” ಎಂದು ಅತ್ತೆ ಬಾಗಿಲು ಹಾಕಿಕೊಂಡರು.

ಅರ್ಧಕ್ಕರ್ಧ ಮಕ್ಕಳು ಶಾಲೆ ಬಿಟ್ಟವು. ಬೇರೆ ದಾರಿಯಿಲ್ಲದ ಗಾರ್ಮೆಂಟ್ಸ್ ಹೆಂಗಸರ ಮಕ್ಕಳಷ್ಟೇ ಉಳಿದವು. ಇನ್ನೂ ಒಂದಷ್ಟು ಹೋದರೆ ಶಿಶುವಿಹಾರಕ್ಕೆ ಬೀಗ, ಹುಡುಗನಿಗೆ ರಾಯಚೂರಿನ ಬಸ್ಸು. ಹಟಮಾರಿ ಮುದುಕಿಗೆ ಆಗಬೇಕಾದದ್ದೇ ಎಂದು ನಾನು ಮಹಡಿಯ ಮೇಲಿಂದ ತಮಾಷೆ ನೋಡಿದೆ.

ಉಳಿದ ಮಕ್ಕಳು ಮಾತ್ರ ಒಂದೇ ವಾರದಲ್ಲಿ ಅವನ ಹೆಗಲೇರಿದವು. ಪಾಠ ಹೇಳುವವರೆಂದರೆ ಅವಕ್ಕೆ ‘ಮಿಸ್’ ಎಂದೇ ಗೊತ್ತು. ಮೀಸೆಯಿದ್ದರೇನಂತೆ? “ಗುಮ್ಮ ಮಿಸ್! ಗುಮ್ಮ ಮಿಸ್!” ಮಧ್ಯಾಹ್ನ ಅಂಗಳದಲ್ಲಿ ಸಾಲಾಗಿ ಕೂರಿಸಿ ಅವನು ತುತ್ತು ಹಾಕುವಾಗ ಬೀದಿಗೆಲ್ಲ ಆ ಗಲಾಟೆ ಕೇಳುತ್ತಿತ್ತು.

ಒಂದು ದಿನ ಬಾಲ್ಕನಿಯಮ್ಮನ ಮಗ ತಟ್ಟೆ ತಳ್ಳಿದ. ಆಕೆ ಅಭ್ಯಾಸಬಲದಿಂದ ಕೆಳಗೆ ಬೆರಳು ತೋರಿಸಿ ಕೂಗಿದರು: “ತಿಂತೀಯೋ, ಗುಮ್ಮಂಗೆ ಕೊಟ್ಬಿಡ್ಲೋ?”

“ಕೊಡು!” ಎಂದಿತು ಮಗು.

ತಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದು ಬಂದು ಸಾಲಿನ ಕೊನೆಯಲ್ಲಿ ಕುಳಿತೇಬಿಟ್ಟಿತು. ತಿಂಗಳೊಳಗೆ ನಿಯೋಗದ ಮಕ್ಕಳೆಲ್ಲ ವಾಪಸ್ಸು! ಬೀದಿಯಲ್ಲಿ ಹೆದರಿಸಲು ಯಾರೂ ಉಳಿಯಲಿಲ್ಲ. ತಾಯಂದಿರು ನನ್ನತ್ತ ಬೆರಳು ತೋರಿಸಿ ನೋಡಿದರಂತೆ, ಮಕ್ಕಳು ನಕ್ಕವಂತೆ.

ಕೆಲವು ವರ್ಷಗಳಾದ ಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ಆದರೆ ಊಟ ಬಿಟ್ಟರು. “ನಂದು ಮುಗೀತು, ಶಾಲೆ ಮುಚ್ಚಿಬಿಡಿ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನನ್ನ ಹೆಂಡತಿ ಗಂಜಿ ತಂದರೆ ಬೇಡ, ನಾನು ಗದರಿದರೂ ಬೇಡ. ಅಷ್ಟು ಜಂಬದ ಹೆಂಗಸು ಸದ್ದಿಲ್ಲದೆ ಅಳುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ಸಂಜೆ ಮಕ್ಕಳನ್ನು ಕಳಿಸಿ ಗುಮ್ಮ ಮಿಸ್ ಬಂದ. ಮಂಚದ ಪಕ್ಕ ನೆಲದ ಮೇಲೆ ಕುಳಿತ. ಹೆಗಲ ಮೇಲಿನ ಟವೆಲಿನ ತುದಿಯಿಂದ ಅತ್ತೆಯ ಕಣ್ಣೊರೆಸಿದ. ಆಮೇಲೆ, ಮಕ್ಕಳಿಗೆ ಒರೆಸುವ ಹಾಗೆಯೇ, ಮೂಗೊರೆಸಿದ. ನನ್ನ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡು ಚಮಚ ಮುಂದೆ ಹಿಡಿದ.

“ಉಣ್ರಿ ಅಕ್ಕಾರ. ಇಲ್ಲಾಂದ್ರ ಗುಮ್ಮಗ ಕೊಟ್ಟಬಿಡ್ತೀನಿ ನೋಡ್ರಿ.”

ಅತ್ತೆ ಗೋಡೆ ಬಿಟ್ಟು ಅವನ ಕಡೆ ತಿರುಗಿದರು.

“ಕೊಡು” ಎಂದು ಬಾಯಿ ತೆರೆದರು.