ಯಜಮಾನರ ಕುರ್ಚಿ ಕಲೆಯಾದದ್ದು

ಸ್ವಂತ ಕುರ್ಚಿಯಲ್ಲಿ ಕೂತದ್ದಕ್ಕೆ ಸೀಟಿ ಊದಿಸಿಕೊಂಡ ಗಂಡಸರು ಚರಿತ್ರೆಯಲ್ಲಿ ಹೆಚ್ಚಿಲ್ಲ. ನಮ್ಮ ಯಜಮಾನರು ಊದಿಸಿಕೊಂಡರು. ಅದೂ ತುಂಬಿದ ಸಭೆಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.

('ಯಜಮಾನರು' ಎಂಬುದು ಹೆಂಡತಿ ಪರರ ಮುಂದೆ ಮಾತ್ರ ದಯಪಾಲಿಸುತ್ತಿದ್ದ ಬಿರುದು. ಮನೆಯೊಳಗೆ 'ರೀ' ಅನ್ನುವುದರಲ್ಲೇ ಅವರ ಸಮಸ್ತ ಸಾಮ್ರಾಜ್ಯ ಮುಗಿಯುತ್ತಿತ್ತು.)

ಅಂದು ಹೆಂಡತಿಯ ಕಲಾಪ್ರದರ್ಶನದ ಉದ್ಘಾಟನೆ. ಭಾಷಣಗಳು ಮುಗಿಯುವ ಲಕ್ಷಣ ಕಾಣದೆ ಯಜಮಾನರ ಮಂಡಿಗಳು ಮುಷ್ಕರ ಹೂಡಿದವು. ಎದುರಿಗೇ, ಮ್ಯೂಸಿಯಂ ಗ್ಯಾಲರಿಯ ನಟ್ಟನಡುವೆ, ದೀಪದ ಬೆಳಕಿನಲ್ಲಿ ಅವರ ಬೆತ್ತದ ಆರಾಮಕುರ್ಚಿ ಕೈಚಾಚಿ ಕರೆಯುತ್ತಿತ್ತು. ಸುತ್ತ ಕೆಂಪು ಹಗ್ಗ. ಹಗ್ಗ ಯಾಕೆ ಎಂದು ಯೋಚಿಸಲು ಮಂಡಿ ಬಿಡಲಿಲ್ಲ. ದಾಟಿದರು, ಕೂತರು, "ಅಬ್ಬಾ" ಅಂದರು. ಕಾವಲಿನವನು ಸೀಟಿ ಊದಿದ. ಇಡೀ ಸಭೆ ಭಾಷಣ ಬಿಟ್ಟು ಇವರನ್ನು ನೋಡಿತು.

"ಏಳಿ ಸ್ವಾಮಿ, ಏಳಿ! ಅದು ಕಲಾಕೃತಿ!"

"ಕುರ್ಚಿ ಕಣಪ್ಪಾ. ನಂದೇ."

"ಕಲೆ ಎಲ್ಲರದ್ದೂ ಸ್ವಾಮಿ. ಅದಕ್ಕೇ ಯಾರೂ ಕೂರೋ ಹಾಗಿಲ್ಲ."

ಹೆಂಡತಿ ಮೊದಲು ಹೂವಿನ ಚಿತ್ರ ಬರೆಯುತ್ತಿದ್ದಳು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಮ್ಮೆ ಬೇಸರದಲ್ಲಿ ತಳ ಹಿಡಿದ ಹಾಲಿನ ಪಾತ್ರೆಗಳನ್ನು ಸೂರಿನಿಂದ ತಲೆಕೆಳಗಾಗಿ ನೇತುಹಾಕಿ 'ಮರೆವಿನ ಮಧ್ಯಾಹ್ನ' ಎಂದು ಹೆಸರಿಟ್ಟಳು ನೋಡಿ, ಊರೆಲ್ಲ ತಲೆಯೆತ್ತಿ ನೋಡಿತು. (ಪಾತ್ರೆ ಮೇಲಿದ್ದರೆ ತಲೆ ಎತ್ತಲೇಬೇಕಲ್ಲ.) ಅಂದಿನಿಂದ ಆ ಮನೆಯಲ್ಲಿ ಯಾವ ವಸ್ತುವಿನ ಪ್ರಾಣಕ್ಕೂ ಖಾತರಿ ಇರಲಿಲ್ಲ. ಯಜಮಾನರ ತೂತುಬಿದ್ದ ಬನಿಯನ್ ಚೌಕಟ್ಟು ಸೇರಿ 'ಗಾಳಿಯ ಭೂಪಟ' ಆಯಿತು. ಅದನ್ನೂ ಸಹಿಸಿದರು. ಆದರೆ ಕುರ್ಚಿ!

ಆ ಕುರ್ಚಿ ಅವರ ಸಿಂಹಾಸನ. ಆಫೀಸಿನಿಂದ ಬಂದರೆ ಮಲಗುವವರೆಗೆ, ರಜೆಯಿದ್ದರೆ ಎದ್ದಾಗಿನಿಂದ, ಅವರು ಅಲ್ಲೇ ಸ್ಥಾಪಿತರು. ಎಡಗೈ ಕಡೆ ಟೀ ಲೋಟದ ಉಂಗುರ, ಒರಗುವಲ್ಲಿ ತಲೆಯೆಣ್ಣೆಯ ನಕ್ಷತ್ರಮಂಡಲ, ನಡುವೆ ವರ್ಷಗಳ ತಪಸ್ಸಿನಿಂದ ಒದಗಿದ ಗುಂಡಿ. ಕಸಬರಿಕೆ ಹತ್ತಿರ ಬಂದರೆ ಒಂದು ಕಾಲನ್ನು ಎತ್ತುವಷ್ಟು ಔದಾರ್ಯ ತೋರುತ್ತಿದ್ದರು. ಇನ್ನೊಂದು ಕಾಲು ಪೇಪರ್ ಓದುತ್ತಿತ್ತು.

ಒಂದು ಭಾನುವಾರ ಕ್ಷೌರ ಮಾಡಿಸಿಕೊಂಡು ಬರುವಷ್ಟರಲ್ಲಿ ಮೂಲೆ ಬರಿದು.

"ನನ್ನ ಕುರ್ಚಿ ಎಲ್ಲೇ?"

"ಪ್ರದರ್ಶನಕ್ಕೆ ಹೋಯ್ತು."

"ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ದೆ. ಪೇಪರ್ ಹಿಂದಿನಿಂದ 'ಹೂಂ' ಅಂದ್ರಿ."

"ನಾನು ಎಲ್ಲದಕ್ಕೂ ಹೂಂ ಅಂತೀನಿ!"

"ಗೊತ್ತು. ಅದಕ್ಕೇ ಕೇಳಿದ್ದು."

ಒಳಗಿನಿಂದ ಅವರ ತಾಯಿ ಕೂಗಿ ಹೇಳಿದರು: "ನಿಮ್ಮಪ್ಪನೂ ಕೂತರೆ ಹೀಗೇ ಕಣೋ, ಬೇರು ಬಿಟ್ಟುಬಿಡ್ತಿದ್ರು. ಆಗಿನ ಕಾಲಕ್ಕೆ ನನಗೆ ಈ ಕಲೆ ಎಲ್ಲಿ ಗೊತ್ತಿತ್ತು!"

ಹೀಗಾಗಿ ಉದ್ಘಾಟನೆಗೆ ಯಜಮಾನರು ಬಂದದ್ದು ಕಲಾಪ್ರೇಮದಿಂದಲ್ಲ, ಕುರ್ಚಿ ಬಿಡಿಸಿಕೊಂಡು ಹೋಗಲು. ಬಾಗಿಲಲ್ಲಿ ಸಾಮಾನು ಸಾಗಿಸುವ ಗಾಡಿಯನ್ನೂ ನಿಲ್ಲಿಸಿಕೊಂಡಿದ್ದರು. ಸೀಟಿಯ ಅವಮಾನದಿಂದ ಕೆಂಪಗಾಗಿ ಕುರ್ಚಿಯ ಕಾಲು ಹಿಡಿದು ಎಳೆಯಬೇಕು, ಅಷ್ಟರಲ್ಲಿ ಗಡ್ಡದ ವಿಮರ್ಶಕರೊಬ್ಬರು ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ನೀವೇನಾ ಆ ಗೈರುಹಾಜರಿ?"

"ಇಲ್ಲ, ನಾನು ರಜೆ ಹಾಕೇ ಬಂದಿದ್ದೀನಿ."

"ಅಯ್ಯೋ, ಗೋಡೆ ನೋಡಿ ಸಾರ್!"

ಗೋಡೆಯ ಮೇಲೆ 'ಗೈರುಹಾಜರಿ' ಎಂಬ ಕೃತಿಯ ಹೆಸರು, ಕೆಳಗೆ ವಿಮರ್ಶಕರೇ ಬರೆದ ಟಿಪ್ಪಣಿ ಇತ್ತು: 'ಎದ್ದು ಹೋದಮೇಲೂ ಎದ್ದು ಹೋಗದ ದೇಹದ ರಾಜಕಾರಣವನ್ನು ಈ ಕೃತಿ ಶೂನ್ಯದ ಪರಿಭಾಷೆಯಲ್ಲಿ ಮುರಿದು ಕಟ್ಟುತ್ತದೆ.' ಯಜಮಾನರು ಓದಿದರು. ಮುರಿದದ್ದೇನು, ಕಟ್ಟಿದ್ದೇನು, ತಿಳಿಯಲಿಲ್ಲ. ವಿಮರ್ಶಕರು ಕಣ್ಣು ಮುಚ್ಚಿ ಬಿಡಿಸಿ ಹೇಳಿದರು: "ಅಂದರೆ ಸಾರ್, ನೀವು ಪಕ್ಕದಲ್ಲಿಲ್ಲದ ಒಂದೊಂದು ಕ್ಷಣವೂ ಮೇಡಂಗೆ ಒಂದೊಂದು ಯುಗ. ಈ ಗುಂಡಿ ಬರೀ ಗುಂಡಿಯಲ್ಲ, ವಿರಹ!"

ಯಜಮಾನರು ಗುಂಡಿ ನೋಡಿದರು. ಕಣ್ಣು ತುಂಬಿತು. ಇಷ್ಟು ವರ್ಷ ತಾವು ಅಚ್ಚೊತ್ತಿದ್ದು ವಿರಹವೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಗಾಡಿಯನ್ನು ವಾಪಸ್ ಕಳಿಸಿದರು.

ಅಲ್ಲಿಂದಾಚೆ ಅವರನ್ನು ಹಿಡಿಯುವವರಿಲ್ಲ. ಸಂಜೆಯಾದರೆ ಹಗ್ಗದ ಪಕ್ಕ ನಿಂತು, ಬಂದವರಿಗೆಲ್ಲ "ಈ ಗುಂಡಿ ನಾನೇ" ಎಂದು ಪರಿಚಯಿಸಿಕೊಳ್ಳುತ್ತಿದ್ದರು. ಆಫೀಸಿನ ಸಹೋದ್ಯೋಗಿಗಳನ್ನು ಹಿಂಡುಗಟ್ಟಿ ಕರೆತಂದು ಎಣ್ಣೆ ಕಲೆಯ ಅಂತರಾರ್ಥ ಬೋಧಿಸಿದರು. ಮನೆಯಲ್ಲಿ ಮಡಚುವ ಕಬ್ಬಿಣದ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದರೂ, ಆಹಾ, ಪ್ರೇಮಕ್ಕೆ ಬೆಲೆ ತೆರಲೇಬೇಕು ಎಂದು ಮುಲಾಮು ಹಚ್ಚಿಕೊಂಡರು. ಕುರ್ಚಿಯಿದ್ದ ಮೂಲೆ ಫಳಫಳ ಹೊಳೆಯುವುದನ್ನು ಕಂಡು, "ಶೂನ್ಯ ಅಂದರೆ ಇದೇ ನೋಡಮ್ಮಾ" ಎಂದು ತಾಯಿಗೂ ಪಾಠ ಹೇಳಿದರು. ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಆದರೂ ಪ್ರದರ್ಶನ ಮುಗಿದರೆ ಕುರ್ಚಿ ಮನೆಗೆ ಬರುತ್ತದೆ ಎಂಬ ಭರವಸೆಯಲ್ಲೇ ಅವರ ಸೊಂಟ ಜೀವ ಹಿಡಿದಿತ್ತು.

ಕೊನೆಯ ದಿನ ಕಲಾವಿದೆಯೊಂದಿಗೆ ಸಂವಾದ. ಮ್ಯೂಸಿಯಂನ ನಿರ್ದೇಶಕಿ ಮೈಕು ಹಿಡಿದು ಘೋಷಿಸಿದರು: "ಈ ಕೃತಿಯನ್ನು ನಮ್ಮಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳುವ ಆಸೆ. ಮೇಡಂ ಒಪ್ಪಬೇಕು."

"ಕುರ್ಚಿ ಯಜಮಾನರದು," ಅಂದಳು ಹೆಂಡತಿ. "ಅವರನ್ನೇ ಕೇಳಿ."

ಸಭೆಯ ಕಣ್ಣೆಲ್ಲ ಇವರ ಮೇಲೆ. ಸೊಂಟ ಒಳಗಿಂದ 'ಬೇಡ, ಬೇಡ' ಎಂದು ಚೀರಿತು. ಆದರೆ ಅಮರತ್ವ ಬಾಗಿಲು ತಟ್ಟುವಾಗ ಸೊಂಟದ ಮಾತು ಕೇಳುವವರು ಯಾರು? ಯಜಮಾನರು ಎದ್ದು ನಿಂತು, ಎದೆ ಮೇಲೆ ಕೈಯಿಟ್ಟು, "ಕೊಟ್ಟೆ! ಪ್ರೇಮಕ್ಕಿಂತ ಕುರ್ಚಿ ದೊಡ್ಡದೇ?" ಎಂದರು. ಚಪ್ಪಾಳೆ ಸೂರಿಗೆ ತಾಗಿತು. ಕಾವಲಿನವನೂ ಸೀಟಿ ಊದಿದ, ಈ ಸಲ ಸಂತೋಷಕ್ಕೆ.

ಅಷ್ಟಕ್ಕೇ ಕೂರಬಹುದಿತ್ತು. ಆದರೆ ವಿರಹದ ಮಾತನ್ನು ಊರಿನ ಮುಂದೆ ಹೆಂಡತಿಯ ಬಾಯಲ್ಲೇ ಕೇಳುವ ಚಪಲ. ನಿರ್ದೇಶಕಿಯ ಕೈಯಿಂದ ಮೈಕು ಕಸಿದುಕೊಂಡರು.

"ಇಷ್ಟು ದಿನ ವಿಮರ್ಶಕರು ಹೇಳಿದ್ದಾಯ್ತು. ಸಂಕೋಚಪಡಬೇಡ, ಈಗ ನೀನೇ ಹೇಳಿಬಿಡು. ನನ್ನ ಕುರ್ಚಿಯನ್ನೇ ಯಾಕೆ ಆರಿಸಿದೆ? ನಿನ್ನ ಮನಸ್ಸಲ್ಲಿ ಇದ್ದದ್ದೇನು?"

ಹೆಂಡತಿ ಮೈಕು ತೆಗೆದುಕೊಂಡಳು.

"ಅದರ ಕೆಳಗೆ ಕಸ ಗುಡಿಸಬೇಕಿತ್ತು ರೀ," ಅಂದಳು. "ಏಳಿ ಅಂದರೆ ನೀವು ಏಳ್ತಿರಲಿಲ್ಲ."