ಕಂಪ್ಯೂಟರ್ ಮಂದಿಗೆ ಪಂಚಮಿ ಉಂಡಿ

ಜನರನ್ನು ಗುಂಪು ಮಾಡುವ ವಿದ್ಯೆಯನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೈಲಹೊಂಗಲದಲ್ಲಿ ಸವದತ್ತಿ ಬಸ್ಸು ಹತ್ತಿ ಕೂತರೆ ಸಾಕು, ಪಕ್ಕದವರು “ಯಾವೂರಾತ್ರಿ? ಯಾರ ಪೈಕಿ?” ಎಂದು ಶುರು ಮಾಡುತ್ತಾರೆ. ಊರು, ಮನೆತನ, ಹೊಲ, ಬೀಗರು ಎಲ್ಲ ವಿಚಾರಣೆಯಾಗಿ, ಕಂಡಕ್ಟರ್ ನಮ್ಮ ಸೀಟಿನ ತನಕ ಬರುವಷ್ಟರಲ್ಲಿ ನಾವು ಯಾವುದೋ ಒಂದು ಗುಂಪಿಗೆ ಸೇರಿಬಿಟ್ಟಿರುತ್ತೇವೆ. ಇಂಥ ನಾಡಿನಲ್ಲಿ ಹುಟ್ಟಿ ಬೆಳೆದ ನನಗೆ, ಜನರನ್ನು ಅವರ ಕೈಯಲ್ಲಿರುವ ಯಂತ್ರದ ಮೇಲಿಂದ ವಿಂಗಡಿಸಬೇಕು ಎಂದಾಗ ಮಾತ್ರ ತಲೆ ತಿರುಗಿತು. ಅದು ಇನ್ನೂ ಪೂರ್ತಿ ನಿಂತಿಲ್ಲ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಸಹಾರಾ ಮರುಭೂಮಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ತೋರಿಸಬಲ್ಲೆ, ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತೋರಿಸಲಾರೆ. ನನ್ನ ಹೆಂಡತಿ ಸುಮಂಗಲಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾಳೆ. ನಾಗರ ಪಂಚಮಿ ಬಂತೆಂದರೆ ಉಂಡಿಯನ್ನೂ ಮಾಡುತ್ತಾಳೆ. ನಾನು ಮನೆಯಲ್ಲಿ ಕೂತು ಪೇಪರನ್ನು ಎರಡೆರಡು ಸಲ ಓದುವುದನ್ನು ನೋಡಲಾರದೆ ಒಂದು ದಿನ ಅವಳೇ, “ಪ್ರಚಾರನರ ಮಾಡ್ರಿ, ಪುಣ್ಯಾ ಬರ್ತೈತಿ” ಎಂದಳು. ಹೀಗೆ ನಾನು ಪ್ರಚಾರಾಧಿಕಾರಿಯಾದೆ.

ದಾರಿ ತೋರಿಸಿದವಳು ವಿದ್ಯಾ. ಸುಮಂಗಲಾಳ ತಂಗಿಯ ಮಗಳು, ರಾಮದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಗಿರಾಕಿಗಳಿಗೆಲ್ಲ ಇಮೇಲ್ ಕಳಿಸುವ ವ್ಯವಸ್ಥೆಯನ್ನು ಅವಳೇ ಮಾಡಿಕೊಟ್ಟಳು. ವಿಳಾಸಗಳನ್ನು ನಾನು ಕಿತ್ತೂರಿನ ಒಂದು ಮಾರಾಟ ಮೇಳದಲ್ಲಿ ಸಂಪಾದಿಸಿದ್ದೆ. ಇಮೇಲ್ ಬರೆದುಕೊಟ್ಟವರಿಗೆ ಒಂದು ಪುಡಿಕೆ ಚಟ್ನಿ ಪುಕ್ಕಟೆ. ಚಟ್ನಿ ಎಂದಕೂಡಲೇ ಮಂದಿ ಮುಗಿಬಿದ್ದರು. ಆದರೆ ಬಹಳ ಮಂದಿ ಫೋನ್ ತೆಗೆದು, “ಅಣ್ಣಾ, ನನ್ನ ಇಮೇಲ್ ಏನೈತಿ ಹೇಳ” ಎಂದು ಯಾರನ್ನೋ ಕೇಳಿ ಬರೆಯುತ್ತಿದ್ದರು. ನಮ್ಮ ಜನಕ್ಕೆ ಈಚೆಗೆ ಮರೆವು ಹೆಚ್ಚಾಗಿದೆ ಎಂದು ನಾನು ಮನಸ್ಸಿನಲ್ಲೇ ಮರುಗಿದೆ.

ಒಂದಿಷ್ಟು ದಿನ ಪತ್ರ ಕಳಿಸಿದ ಮೇಲೆ ವಿದ್ಯಾಳ ಫೋನು ಬಂತು.

“ದೊಡ್ಡಪ್ಪ, ಎಲ್ಲಾರಿಗೂ ಒಂದ ನಮೂನಿ ಪತ್ರ ಕಳಿಸಬ್ಯಾಡ್ರಿ. ಫೋನಿನ್ಯಾಗ ಓದಾವ್ರು ಬ್ಯಾರೆ, ಕಂಪ್ಯೂಟರಿನ್ಯಾಗ ಓದಾವ್ರು ಬ್ಯಾರೆ. ಮತ್ತ ಯಾವ ಬ್ರೌಸರ್ ಅನ್ನೂದನ್ನೂ ನೋಡಬೇಕ್ರಿ.”

“ಬ್ರೌಸರ್ ಅಂದ್ರ ಏನವಾ?”

“ಇಂಟರ್ನೆಟ್ ನೋಡೂ ಕಿಟಕಿ ಇದ್ದಂಗ. ಕಿಟಕಿ ಹಳೇದಿದ್ರ ಚಿತ್ರ ಬರೋಬರಿ ಕಾಣೂದಿಲ್ಲ.”

ಎಷ್ಟು ಮಂದಿ ಯಾವ ಯಂತ್ರದಲ್ಲಿ ಪತ್ರ ತೆರೆದರು ಎಂದು ಅವಳು ಕಳಿಸಿದ ವರದಿಯನ್ನು ಮುಂದಿಟ್ಟುಕೊಂಡು ಕೂತೆ. ಫೋನಿನವರು ನಮ್ಮ ಪತ್ರ ತೆರೆಯುವುದೇ ಅಪರೂಪ. ಕಂಪ್ಯೂಟರಿನವರು ಮಾತ್ರ ಬಂಗಾರದಂಥ ಮಂದಿ, ದಿನಾ ಮುಂಜಾನೆ ತಪ್ಪದೆ ತೆರೆಯುತ್ತಾರೆ, ಎಲ್ಲರದೂ ಒಂದೇ ಹಳೆಯ ಬ್ರೌಸರು. ಇವರಲ್ಲದೆ ಟ್ಯಾಬ್ಲೆಟ್ಟಿನವರು ಯಾರೋ ಒಬ್ಬರೇ ಒಬ್ಬರು ಇದ್ದಾರೆ, ಒಂದೇ ಪತ್ರವನ್ನು ಮತ್ತೆ ಮತ್ತೆ ತೆರೆದು ಓದುತ್ತಾರೆ. “ಅವರು ನಮ್ಮ ಖಾಸಾ ಗಿರಾಕಿ. ಪಂಚಮಿಗೆ ಏನರ ಕೊಟ್ಟು ಕಳಸ್ರಿ” ಎಂದು ವಿದ್ಯಾ ಹೇಳಿದ್ದಳು.

ಅರ್ಥವಾಗದ ಕಡೆ ತರ್ಕ ಓಡಿಸುವುದು ಮಾಸ್ತರರ ಹುಟ್ಟುಗುಣ. ಕಂಪ್ಯೂಟರ್ ಮುಂದೆ ಕೂತವರು ಎಂದರೆ ಸಾಹೇಬರು, ಪಗಾರದವರು. ಹಳೆಯ ಬ್ರೌಸರ್ ಎಂದರೆ ಹಳೆಯ ಸಂಪ್ರದಾಯಸ್ಥರು. ಇಂಥವರಿಗೆ ರೊಟ್ಟಿ ಮಾರುವುದು ಮರ್ಯಾದೆಯಲ್ಲ, ತುಪ್ಪದ ಉಂಡಿಯನ್ನೇ ಮಾರಬೇಕು. ನಾನು “ಪೂಜ್ಯರೇ” ಎಂದು ಶುರು ಮಾಡಿ, ಉದ್ದನೆಯ ಪತ್ರ ಬರೆದು, ನೆತ್ತಿಯ ಮೇಲೆ ಉಂಡಿಯ ದೊಡ್ಡ ಚಿತ್ರ ಹಾಕಿ, ಕಂಪ್ಯೂಟರ್ ಮಂದಿಗಷ್ಟೇ ದಿನಾ ಕಳಿಸತೊಡಗಿದೆ.

ಸುಮಂಗಲಾಳಿಗೆ ಅನುಮಾನ. “ಕಂಪ್ಯೂಟರ್ ಮುಂದ ಕುಂತಾವ್ರು ಅಷ್ಟು ಉಂಡಿ ತಿಂತಾರನ?”

“ಕುಂತಾವ್ರ ತಿಂತಾರ. ಓಡ್ಯಾಡಾವ್ರಿಗೆ ಪುರಸೊತ್ತೆಲ್ಲಿ?” ಎಂದೆ.

ಪಾಪ, ನಂಬಿದಳು. ಬಂದ ರೊಟ್ಟಿ ಆರ್ಡರುಗಳನ್ನು ಹಿಂದಕ್ಕೆ ಕಳಿಸಿ, ನೆರೆಮನೆಯ ಪರಾತಗಳನ್ನು ತಂದು, ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಕಟ್ಟಿದಳು. ಡಬ್ಬಿಗಳು ಅಡುಗೆಮನೆ ತುಂಬಿ, ಪಡಸಾಲೆಗೆ ಬಂದು, ಕೊನೆಗೆ ನನ್ನ ಮಂಚದ ಕೆಳಗೂ ಸೇರಿದವು. ಆರ್ಡರು ಮಾತ್ರ ಒಂದೂ ಬರಲಿಲ್ಲ. ವರದಿ ನೋಡಿದರೆ, ಪೂಜ್ಯರು ದಿನಾ ಮುಂಜಾನೆ ಪತ್ರವನ್ನು ತೆರೆಯುತ್ತಲೇ ಇದ್ದಾರೆ! ಓದುತ್ತಾರೆ, ಸುಮ್ಮನಾಗುತ್ತಾರೆ. ಇದ್ಯಾವ ನಮೂನೆಯ ಸಾಹೇಬರು ಎಂದು ನನಗೆ ತಿಳಿಯದಾಯಿತು. ಪಂಚಮಿ ಹತ್ತಿರ ಬಂತು. “ಈ ಊರಾಗ ನನ್ನ ಉಂಡಿ ಉಳದ್ವು ಅಂತ ಇವತ್ತಿನ ತನಕಾ ಯಾರೂ ಅಂದಿಲ್ಲ” ಎಂದಷ್ಟೇ ಹೇಳಿ ಸುಮಂಗಲಾ ಒಳಗೆ ಹೋದಳು. ಅವಳು ಬೈದರೆ ನನಗೆ ಧೈರ್ಯವಿರುತ್ತದೆ. ಅವತ್ತು ಬೈಯಲೂ ಇಲ್ಲ.

ಮನೆಯಲ್ಲಿರಲಾರದೆ ಪಿಂಚಣಿಯ ಕಾಗದದ ನೆಪ ಮಾಡಿಕೊಂಡು ಮಲ್ಲಣ್ಣನ ಆನ್‌ಲೈನ್ ಸೆಂಟರಿಗೆ ಹೋದೆ. ಮಲ್ಲಣ್ಣ ನನ್ನ ಹಳೆಯ ವಿದ್ಯಾರ್ಥಿ. ಸುತ್ತಲಿನ ಊರವರ ಅರ್ಜಿಗಳನ್ನೆಲ್ಲ ಅವನೇ ತುಂಬುತ್ತಾನೆ. “ಕುಂಡ್ರಿ ಸರ, ಸರ್ವರ್ ಬಂದ್ ಬಿದ್ದೈತಿ” ಎಂದು ಸ್ಟೂಲು ಕೊಟ್ಟು, ತನ್ನ ಕೆಲಸ ಮುಂದುವರಿಸಿದ. ಪರದೆಯ ಮೇಲೆ ಒಂದು ಖಾಲಿ ಚೌಕ, ಅದರ ಮೂಲೆಯಲ್ಲೊಂದು ಇಂಟು ಗುರುತು. ಕೆಳಗೆ “ಪೂಜ್ಯರೇ” ಎಂದಿತ್ತು.

“ಇದೇನಪಾ ಮಲ್ಲಣ್ಣ?”

“ಯಾವನೋ ಉಂಡಿ ಮಾರಾವ ಬೆನ್ನ ಹತ್ಯಾನ್ರಿ ಸರ. ಬೈಲಹೊಂಗಲ, ಕಿತ್ತೂರ, ಸಂಪಗಾಂವ, ಎಲ್ಲಾ ಮಂದಿದೂ ಇಮೇಲ್ ನಾನ ಮಾಡಿಕೊಟ್ಟೇನಿ. ಅವರಿಗೆ ಅದು ಅರ್ಜಿಗಷ್ಟ ಬೇಕು. ದಿನಾ ಮುಂಜಾನೆ ಅರ್ಜಿ ಏನಾತಂತ ಎಲ್ಲಾರದೂ ನಾನ ತೆರದು ನೋಡತೇನಿ. ಯಾರದು ತೆರದ್ರೂ ಪೂಜ್ಯರೇ, ಪೂಜ್ಯರೇ! ಚಿತ್ರನೂ ಕಾಣವಲ್ದು.”

ನನ್ನ ಸಾಹೇಬರು, ಸಂಪ್ರದಾಯಸ್ಥರು, ಪಗಾರದವರು ಎಲ್ಲರೂ ಒಂದೇ ಬನಿಯನ್ ತೊಟ್ಟು ನನ್ನ ಮುಂದೆ ಕೂತಿದ್ದರು. ಕಿತ್ತೂರಿನಲ್ಲಿ ಎಲ್ಲರೂ ಫೋನ್ ಮಾಡಿ ಕೇಳುತ್ತಿದ್ದ ಅಣ್ಣನೂ ಇವನೇ. ಆದರೂ ಆಸೆ ಸಾಯಲಿಲ್ಲ. “ಅಷ್ಟು ಕರದಾನ ಅಂದಮ್ಯಾಲ ನೀನರ ಒಂದ ಡಬ್ಬಿ ಉಂಡಿ ತಗೋಬಾರದೇನು?” ಎಂದೆ.

“ನನಗ ಸಕ್ರಿ ಬ್ಯಾನಿ ಐತ್ರಿ ಸರ.”

ಕಂಪ್ಯೂಟರ್ ಮಂದಿಯಲ್ಲಿ ಇದ್ದವನೇ ಒಬ್ಬ, ಅವನಿಗೂ ಸಕ್ಕರೆ ಕಾಯಿಲೆ. ಇನ್ನು ಮುಚ್ಚಿಡುವುದು ಏನಿದೆ ಎಂದು, “ಆ ಉಂಡಿ ಮಾರಾವ ನಾನಪಾ” ಎಂದುಬಿಟ್ಟೆ. ಮಲ್ಲಣ್ಣ ಕ್ಲಾಸಿನಲ್ಲಿ ಎದ್ದಂತೆ ಎದ್ದು ನಿಂತ. ಆಮೇಲೆ ಹೊರಗಿನ ಬೆಂಚನ್ನು ನೋಡಿ, “ಒಂದ ಡಬ್ಬಿ ಇಲ್ಲೆ ತಂದ ಇಡ್ರಿ ಸರ. ಸರ್ವರ್ ಬರೂ ತನಕಾ ಮಂದಿ ಬಾಯಿ ಖಾಲಿನ ಇರ್ತಾವ” ಎಂದ.

ಪುಣ್ಯಕ್ಕೆ ಸರ್ವರ್ ಆ ವಾರವೆಲ್ಲ ಹೀಗೇ ಹೋಗುತ್ತ ಬರುತ್ತ ಇತ್ತು. ಬೆಂಚಿನ ಮೇಲೆ ಕೂತವರು ರುಚಿ ನೋಡಿದರು, ಮನೆಗೆ ಕಟ್ಟಿಸಿಕೊಂಡರು, ಮರುದಿನ ಬೀಗರನ್ನೂ ಕರೆತಂದರು. ಪಂಚಮಿಗೆ ಮೊದಲೇ ನನ್ನ ಮಂಚದ ಕೆಳಗೂ ಖಾಲಿಯಾಯಿತು. “ಕಂಪ್ಯೂಟರ್ ಮಂದಿ ಭಾಳ ಛಲೋ ಅದಾರ” ಎಂದು ಸುಮಂಗಲಾ ನಕ್ಕಳು. ನಾನು ಹೌದೆಂದೆ, ಹೆಚ್ಚು ವಿವರಿಸಲಿಲ್ಲ.

ಉಳಿದದ್ದು ಆ ಟ್ಯಾಬ್ಲೆಟ್ಟಿನ ಖಾಸಾ ಗಿರಾಕಿ. ಸುಮಂಗಲಾ ಅವರಿಗೆಂದು ಒಂದು ಡಬ್ಬಿ ಬೇಸನ್ ಉಂಡಿ ತೆಗೆದಿಟ್ಟಿದ್ದಳು. ಹಬ್ಬದ ಮುಂಜಾನೆ ಅದನ್ನು ನನ್ನ ಕೈಗಿಟ್ಟು, “ಕೊಟ್ಟು ಬರ್ರಿ” ಎಂದಳು. ಡಬ್ಬಿ ಹಿಡಿದುಕೊಂಡಾಗಲೇ ನನ್ನ ಕಣ್ಣು ದಿಂಬಿನ ಪಕ್ಕಕ್ಕೆ ಹೋಯಿತು. ನಿವೃತ್ತನಾದಾಗ ಶಾಲೆಯವರು ಕೊಟ್ಟ ಟ್ಯಾಬ್ಲೆಟ್ ಅಲ್ಲಿತ್ತು. ಪರೀಕ್ಷೆಗಿರಲಿ ಎಂದು ವಿದ್ಯಾ ನನ್ನ ವಿಳಾಸವನ್ನೂ ಯಾದಿಯಲ್ಲಿ ಸೇರಿಸಿದ್ದಳು. ನಾನು ಬರೆದ ಪತ್ರ ನನಗೇ ಬಂದಾಗ, ಎಷ್ಟು ಚೆಂದ ಬರೆದಿದ್ದೇನೆ ಎಂದು ಮತ್ತೆ ಮತ್ತೆ ತೆರೆದು ಓದುತ್ತಿದ್ದವನು ನಾನೇ.

ಹೇಳಲು ನಾಚಿಕೆಯಾಯಿತು. ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿನ ತನಕ ಹೋದೆ, ಒಂದು ಮೂಲೆಯಲ್ಲಿ ಕೂತು ಖಾಸಾ ಗಿರಾಕಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಮನೆಗೆ ಬಂದೆ.

“ಏನಂದ್ರು ಅವರು?” ಎಂದು ಸುಮಂಗಲಾ ಕೇಳಿದಳು.

“ಭಾಳ ಛಲೋ ಆಗ್ಯಾವ ಅಂದ್ರು.”

ಅವಳು ನನ್ನ ಮುಖವನ್ನೇ ನೋಡುತ್ತ, “ಆತು ಬಿಡ್ರಿ. ಮೀಸಿಗೆ ಬೇಸನ್ ಹತ್ತೈತಿ, ಒರಿಸ್ಕೊಳ್ಳಾಕ ಹೇಳ್ರಿ ಅವರಿಗೆ” ಎಂದಳು.